‘ದಡ್ಡ’ ಎನ್ನುವ ಮೊದಲು

ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ಹೆಸರಿಡಲು ನಮ್ಮ ನುಡಿಯಲ್ಲಿ ಪದಗಳಿಗೆ ಬರವಿಲ್ಲ. ದಡ್ಡ, ಪೆದ್ದ, ಮಂಕ, ಮೊದ್ದು ಎಂದು ಮೊದಲಾಗಿ ಸಾಗುವ ಈ ಪಟ್ಟಿಯಲ್ಲಿ ಕೆಲವನ್ನು ಮುದ್ದಿನಿಂದ ಹೇಳುತ್ತೇವೆ, ಕೆಲವನ್ನು ಸಿಟ್ಟಿನಿಂದ. ‘ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲ’, ‘ಒಂದು ಗಳಿಗೆ ಕೂತಲ್ಲಿ ಕೂರುವುದಿಲ್ಲ’, ‘ಆ ಮನೆತನಕ್ಕೇ ವಿದ್ಯೆ ಒಲಿದಿಲ್ಲ’, ‘ಹಣೆಯಲ್ಲಿ ಬರೆದಷ್ಟೇ ಬರುವುದು’ ಎಂಬ ಮಾತುಗಳನ್ನು ಊರಿನಲ್ಲಿ ಕೇಳಿಕೊಂಡು ಬೆಳೆದವರು ನಾವು. ಮುಂಬೈಗೋ ಪುಣೆಗೋ ಹೈದರಾಬಾದಿಗೋ ಬಂದು ನೆಲೆಸಿದ ಮೇಲೂ ಅವನ್ನು ಬಿಟ್ಟುಕೊಟ್ಟಿಲ್ಲ. ಈ ಎಲ್ಲ ಮಾತುಗಳೂ ಕಾರಣವನ್ನು ಮಗುವಿನೊಳಗೆ, ಅದರ ವಂಶದೊಳಗೆ ಅಥವಾ ಬ್ರಹ್ಮಲಿಪಿಯೊಳಗೆ ಹುಡುಕುತ್ತವೆ. ಮನೆಯ ಗೋಡೆಯಲ್ಲಿ, ಹೊಸಿಲಿನ ದೂಳಿನಲ್ಲಿ, ಸಾಂಬಾರದ ಡಬ್ಬಿಯಲ್ಲಿ ಕಾರಣವಿರಬಹುದೆಂಬ ಊಹೆಗೆ ನಮ್ಮ ಗಾದೆಗಳಲ್ಲಾಗಲಿ ನಿತ್ಯದ ಮಾತುಕತೆಯಲ್ಲಾಗಲಿ ಎಡೆಯೇ ಇಲ್ಲ. ಆ ಊಹೆಗೆ ಎಡೆ ಮಾಡಿಕೊಡಲೇಬೇಕಾದ ಕಾಲ ಬಂದಿದೆ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಸೀಸವೆಂಬ ಒಂದೇ ಲೋಹದ ಕಥೆಯನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಮಕ್ಕಳ ಮಿದುಳಿಗೆ ಹಾನಿಮಾಡುವ ರಾಸಾಯನಿಕಗಳು ಹಲವಿದ್ದರೂ ಸೀಸದಷ್ಟು ದೀರ್ಘಕಾಲ ಪರೀಕ್ಷೆಗೊಳಗಾದದ್ದು, ಸೀಸದಷ್ಟು ಸ್ಪಷ್ಟವಾಗಿ ಅಪರಾಧ ಸಾಬೀತಾದದ್ದು ಮತ್ತೊಂದು ಸಿಗುವುದು ಕಷ್ಟ.

ಸೀಸ ಮಗುವಿನ ಮೈಯೊಳಗೆ ಮಾಡುವ ಕೆಲಸವನ್ನು ವೇಷಧಾರಿಯ ಕೆಲಸವೆನ್ನಬಹುದು. ಅದು ಕ್ಯಾಲ್ಸಿಯಂನ ವೇಷ ತೊಟ್ಟು ಒಳಗೆ ಬರುತ್ತದೆ. ಬೆಳೆಯುವ ಮಗುವಿನ ಕರುಳು ಮೂಳೆಗಾಗಿ, ನರಗಳಿಗಾಗಿ ಕ್ಯಾಲ್ಸಿಯಂ ಅನ್ನು ಹಂಬಲಿಸಿ ಹೀರಿಕೊಳ್ಳುತ್ತಿರುತ್ತದೆ. ಅದೇ ಬಾಗಿಲಿನಿಂದ ಸೀಸವೂ ಒಳನುಗ್ಗುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ದೊಡ್ಡವರಿಗಿಂತ ಮಗು 4ರಿಂದ 5 ಪಟ್ಟು ಹೆಚ್ಚನ್ನು ಹೀರಿಕೊಳ್ಳಬಲ್ಲದು. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಿದ್ದರೆ ಈ ಹೀರುವಿಕೆ ಇನ್ನೂ ಹೆಚ್ಚುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ರಕ್ತಹೀನರು. ಹಸಿದ ಮಗುವಿಗೇ ವಿಷ ಹೆಚ್ಚು ತಾಗುವುದು ಹೀಗೆ.

ಒಳಬಂದ ಸೀಸ ಮಿದುಳಿನ ನರಕೋಶಗಳ ನಡುವಣ ಸಂದೇಶಗಳಲ್ಲೂ ಕ್ಯಾಲ್ಸಿಯಂನ ಜಾಗದಲ್ಲಿ ಕೂತು ಕೆಲಸ ಕೆಡಿಸುತ್ತದೆ. ಹುಟ್ಟಿದ ಮೊದಲ ವರ್ಷಗಳಲ್ಲಿ ಮಿದುಳು ಲೆಕ್ಕವಿಲ್ಲದಷ್ಟು ಸಂಪರ್ಕಗಳನ್ನು ಹೆಣೆಯುತ್ತದೆ. ಬಳಕೆಯಾದದ್ದನ್ನು ಉಳಿಸಿಕೊಂಡು ಬೇಡವಾದದ್ದನ್ನು ಕತ್ತರಿಸುತ್ತದೆ. ಆ ಹೆಣಿಗೆಯ ಕಾಲದಲ್ಲಿ ಆದ ತಪ್ಪನ್ನು ಆಮೇಲೆ ಬಿಚ್ಚಿ ಹೆಣೆಯಲಾಗದು. ರಕ್ತದಲ್ಲಿನ ಸೀಸವನ್ನು ಔಷಧಿಯಿಂದ ಇಳಿಸಬಹುದು. ಅಪಾಯದ ಮಟ್ಟ ಮುಟ್ಟಿದ ಮಗುವಿನ ಪ್ರಾಣ ಉಳಿಸಲು ಅದು ಬೇಕೇ ಬೇಕು. ಆದರೆ ಅಮೆರಿಕದಲ್ಲಿ ನೂರಾರು ಮಕ್ಕಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಚಿಕಿತ್ಸಾ ಪರೀಕ್ಷೆಯಲ್ಲಿ ರಕ್ತದ ಸೀಸ ಇಳಿದರೂ ಮಕ್ಕಳ ಬುದ್ಧಿಶಕ್ತಿಯಲ್ಲಿ ಸುಧಾರಣೆ ಕಾಣಲಿಲ್ಲ. ಮೂಳೆಯಲ್ಲಿ ಸೇರಿದ ಸೀಸ ದಶಕಗಳ ಕಾಲ ಅಲ್ಲೇ ಕುಳಿತಿರುತ್ತದೆ. ಹೆಣ್ಣುಮಗು ಬೆಳೆದು ಬಸುರಿಯಾದಾಗ, ಹೊಟ್ಟೆಯ ಕೂಸಿಗೆಂದು ಅವಳ ಮೂಳೆಗಳು ಕ್ಯಾಲ್ಸಿಯಂ ಬಿಟ್ಟುಕೊಡುವಾಗ, ಆ ಸೀಸವೂ ಕೂಸಿನತ್ತ ಹೊರಡುತ್ತದೆ. ತಾಯಿ ತನ್ನ ಬಾಲ್ಯದಲ್ಲಿ ಉಂಡ ವಿಷವನ್ನು ಮಗು ಗರ್ಭದಲ್ಲಿ ಉಣ್ಣುತ್ತದೆ.

ಎಷ್ಟು ಸೀಸ ಇದ್ದರೆ ಅಪಾಯ ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ವಿಜ್ಞಾನದ ವಿನಯವೂ ಮಕ್ಕಳ ದುರದೃಷ್ಟವೂ ಒಟ್ಟಿಗೆ ಕಾಣುತ್ತವೆ. ಅಮೆರಿಕದಲ್ಲಿ 1960ರ ದಶಕದಲ್ಲಿ, ಮಗುವಿನ ಒಂದು ಡೆಸಿಲೀಟರ್ ರಕ್ತದಲ್ಲಿ 60 ಮೈಕ್ರೋಗ್ರಾಂ ಸೀಸ ಇದ್ದರೆ ಮಾತ್ರ ಚಿಂತಿಸಬೇಕು ಎನ್ನುತ್ತಿದ್ದರು. ಅದು 1970ರಲ್ಲಿ 40ಕ್ಕೆ, 1975ರಲ್ಲಿ 30ಕ್ಕೆ, 1985ರಲ್ಲಿ 25ಕ್ಕೆ, 1991ರಲ್ಲಿ 10ಕ್ಕೆ, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಯಿತು. ಸುರಕ್ಷಿತವೆನ್ನಬಹುದಾದ ಮಟ್ಟವೇ ತಿಳಿದಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಇಂದಿನ ನಿಲುವು. 1970ರಲ್ಲಿ 39 ಮೈಕ್ರೋಗ್ರಾಂ ಇದ್ದ ಮಗುವನ್ನು ವೈದ್ಯರು ಆರೋಗ್ಯವಂತ ಎಂದು ಮನೆಗೆ ಕಳಿಸಿರುತ್ತಾರೆ. ಆ ಮಗು ತರಗತಿಯಲ್ಲಿ ಹಿಂದೆ ಬಿದ್ದಿದ್ದರೆ ಅದಕ್ಕೆ ಯಾವ ಹೆಸರು ಸಿಕ್ಕಿರಬಹುದೆಂದು ನಾವು ಊಹಿಸಬಲ್ಲೆವು.

ಆ ಹೆಸರಿನ ಹಿಂದೆ ಏನಿದೆ ಎಂದು ಮೊದಲು ಗಟ್ಟಿಯಾಗಿ ತೋರಿಸಿದವರು ಹರ್ಬರ್ಟ್ ನೀಡಲ್‌ಮನ್ ಎಂಬ ಅಮೆರಿಕದ ಮಕ್ಕಳ ವೈದ್ಯರು. ರಕ್ತದಲ್ಲಿನ ಸೀಸ ಇತ್ತೀಚಿನ ದಿನಗಳ ಲೆಕ್ಕವನ್ನಷ್ಟೇ ಹೇಳುತ್ತದೆ. ವರ್ಷಗಳ ಲೆಕ್ಕ ಬೇಕಾದರೆ ಮೂಳೆಯನ್ನೋ ಹಲ್ಲನ್ನೋ ನೋಡಬೇಕು. ಮಕ್ಕಳ ಮೂಳೆ ಕತ್ತರಿಸಲಾಗದು, ಆದರೆ ಹಾಲುಹಲ್ಲು ತಾನಾಗಿ ಉದುರುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ಎರಡು ಊರುಗಳ ಶಾಲಾಮಕ್ಕಳ ಉದುರಿದ ಹಲ್ಲುಗಳನ್ನು ಅವರು ಸಂಗ್ರಹಿಸಿ ಸೀಸ ಅಳೆದರು. ಆ ಮಕ್ಕಳ ನಡವಳಿಕೆಯ ಬಗ್ಗೆ ಶಿಕ್ಷಕರನ್ನು ಕೇಳಿದರು. ಯಾರ ಹಲ್ಲಿನಲ್ಲಿ ಎಷ್ಟು ಸೀಸವಿದೆಯೆಂದು ಶಿಕ್ಷಕರಿಗೆ ತಿಳಿದಿರಲಿಲ್ಲ. 1979ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹಲ್ಲಿನ ಸೀಸ ಏರುತ್ತ ಹೋದಂತೆ ಗಮನ ನಿಲ್ಲದ, ಹಿಡಿದ ಕೆಲಸ ಮುಗಿಸದ, ಹೇಳಿದ್ದನ್ನು ಅನುಸರಿಸಲಾಗದ ಮಕ್ಕಳ ಪಾಲೂ ಏರುತ್ತ ಹೋಗಿತ್ತು. ಹೆಚ್ಚು ಸೀಸವಿದ್ದ ಗುಂಪಿನ ಮಕ್ಕಳು ಬುದ್ಧಿಮಾಪನ ಪರೀಕ್ಷೆಯಲ್ಲೂ ಹಿಂದೆ ಬಿದ್ದಿದ್ದರು. ಇವರಲ್ಲಿ ಒಬ್ಬರೂ ಸೀಸದ ರೋಗಿಗಳೆಂದು ಗುರುತಾದವರಲ್ಲ. ಮೇಲುನೋಟಕ್ಕೆ ಎಲ್ಲರಂತೆಯೇ ಇದ್ದ ಮಕ್ಕಳು ಅವರು. ಶಿಕ್ಷಕರು ‘ಸ್ವಭಾವ’ವೆಂದು ಬರೆದುಕೊಟ್ಟದ್ದನ್ನು ಹಲ್ಲುಗಳು ಬೇರೆ ಭಾಷೆಯಲ್ಲಿ ಓದಿ ಹೇಳಿದವು. ಸತ್ಯ ಹೇಳಿದ್ದಕ್ಕೆ ನೀಡಲ್‌ಮನ್ ಬೆಲೆ ತೆತ್ತರು. ಸೀಸದ ಉದ್ಯಮದ ಪರವಾಗಿ ಸಾಕ್ಷ್ಯ ನುಡಿಯುತ್ತಿದ್ದ ತಜ್ಞರು 1991ರಲ್ಲಿ ಅವರ ಮೇಲೆ ವೈಜ್ಞಾನಿಕ ಅಪ್ರಾಮಾಣಿಕತೆಯ ಆರೋಪ ಹೊರಿಸಿದರು. ವಿಚಾರಣೆಗಳಲ್ಲಿ ಆ ಆರೋಪ ನಿಲ್ಲಲಿಲ್ಲ.

ಸೀಸ ಇಷ್ಟು ವ್ಯಾಪಕವಾಗಿ ಹರಡಿದ್ದು ಅಜ್ಞಾನದಿಂದ ಎಂದು ತಿಳಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮಕ್ಕಳಿಗೆ ತಗಲಿದ ಸೀಸದ ವಿಷ ಜಗಲಿಯ ಕಟಕಟೆಗಳಿಗೆ ಬಳಿದ ಬಣ್ಣದಿಂದ ಬಂದದ್ದೆಂದು ಅಲ್ಲಿನ ವೈದ್ಯರೊಬ್ಬರು 1904ರಲ್ಲೇ ಬರೆದಿದ್ದರು. ಮನೆಯೊಳಗಿನ ಬಣ್ಣಗಳಲ್ಲಿ ಬಿಳಿಸೀಸದ ಬಳಕೆಗೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಒಪ್ಪಂದ 1921ರಲ್ಲಿ ಜಿನೀವಾದಲ್ಲಿ ಆಯಿತು. ಅದೇ 1921ರಲ್ಲಿ, ಎಂಜಿನ್ ಬಡಿದುಕೊಳ್ಳದಂತೆ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸಬಹುದೆಂದು ಅಮೆರಿಕದ ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಜ್‌ಲಿ ಕಂಡುಹಿಡಿದರು. ಮಾರುಕಟ್ಟೆಗೆ ಬಂದಾಗ ಅದರ ಹೆಸರು ‘ಈಥೈಲ್’. ಸೀಸವೆಂಬ ಪದ ಆ ಹೆಸರಿನಲ್ಲಿ ಇರಲಿಲ್ಲ. 1924ರಲ್ಲಿ ನ್ಯೂಜೆರ್ಸಿಯ ಘಟಕವೊಂದರಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಚಿತ್ತಭ್ರಮಣೆಗೊಳಗಾಗಿ ಸತ್ತರು. ಆಮೇಲೂ ಮಾರಾಟ ಮುಂದುವರಿಯಿತು, ಏಕೆಂದರೆ ಹಾನಿಯನ್ನು ಸಾಬೀತುಪಡಿಸುವ ಭಾರವನ್ನು ಹಾನಿಗೊಳಗಾದವರ ತಲೆಗೆ ಕಟ್ಟಲಾಯಿತು. ಆ ಭಾರವನ್ನು ಇಳಿಸಲು ಜಗತ್ತಿಗೆ ಹೆಚ್ಚುಕಡಿಮೆ ನೂರು ವರ್ಷ ಬೇಕಾಯಿತು. ಸೀಸಬೆರೆತ ಪೆಟ್ರೋಲನ್ನು ಕಾರುಗಳಿಗೆ ತುಂಬುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯಾ ಅದನ್ನು ನಿಲ್ಲಿಸಿದ್ದು 2021ರಲ್ಲಿ.

ನಮ್ಮ ದೇಶದ ಮಟ್ಟಿಗೆ ಈ ಕಥೆಯಲ್ಲಿ ಕರ್ನಾಟಕಕ್ಕೆ ಗೌರವದ ಪಾಲಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ದಶಕಗಳ ಕಾಲ ದುಡಿದು ದೇಶದ ‘ಲೆಡ್ ಮ್ಯಾನ್’ ಎಂದೇ ಹೆಸರಾದವರು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನಿಂದ ನಡೆದ ಸಮೀಕ್ಷೆಯೊಂದು ಬೆಂಗಳೂರಿನ ಜೊತೆಗೆ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಹೈದರಾಬಾದ್ ನಗರಗಳಲ್ಲೂ ಸಾವಿರಾರು ಜನರ ರಕ್ತ ಪರೀಕ್ಷಿಸಿ, ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿದೆ ಎಂದು ತೋರಿಸಿತು. ನಾವು, ಹೊರನಾಡ ಕನ್ನಡಿಗರು, ಮಕ್ಕಳನ್ನು ಬೆಳೆಸುತ್ತಿರುವ ನಗರಗಳೇ ಇವು. 2000ದ ಫೆಬ್ರುವರಿಯ ಹೊತ್ತಿಗೆ ದೇಶವಿಡೀ ಸೀಸರಹಿತ ಪೆಟ್ರೋಲ್ ಬಂದಿತು. ಅದು ನಿಜವಾದ ಗೆಲುವು. ಆದರೆ ಆ ಗೆಲುವಿನ ಮೇಲೆ ನಾವೆಲ್ಲ ತಲೆದಿಂಬಿಟ್ಟು ಮಲಗಿದೆವು.

2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಹೊರತಂದ ವರದಿಯ ಅಂದಾಜಿನಂತೆ, ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿರುವ ಮಕ್ಕಳು ಜಗತ್ತಿನಲ್ಲಿ 80 ಕೋಟಿಯವರೆಗೆ ಇದ್ದಾರೆ. ಅವರಲ್ಲಿ ಸುಮಾರು 27.5 ಕೋಟಿ ಮಕ್ಕಳು ಭಾರತದವರು. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರು ಎಂಬುದು ಆ ವರದಿಯ ಮಾತು. ಪೆಟ್ರೋಲ್ ಶುದ್ಧವಾದ ಮೇಲೂ ಇಷ್ಟು ಸೀಸ ಎಲ್ಲಿಂದ?

ಮೊದಲನೆಯದು ಬ್ಯಾಟರಿ. ಕಾರು, ಆಟೋ, ಇ-ರಿಕ್ಷಾ, ಮನೆಯ ಇನ್ವರ್ಟರ್ ಇವೆಲ್ಲದರ ಹಳೆಯ ಬ್ಯಾಟರಿ ಗುಜರಿಗೆ ಹೋಗುತ್ತದೆ. ನೋಂದಾಯಿತ ಕಾರ್ಖಾನೆಗೆ ಹೋದರೆ ಸರಿ. ಗಲ್ಲಿಯ ಹಿಂದಿನ ತೆರೆದ ಕುಲುಮೆಗೆ ಹೋದರೆ ಅದನ್ನು ಒಡೆದು, ಆಮ್ಲವನ್ನು ಮಣ್ಣಿಗೆ ಚೆಲ್ಲಿ, ಸೀಸ ಕರಗಿಸುತ್ತಾರೆ. ಆ ಹೊಗೆ, ಆ ಮಣ್ಣು, ಅಪ್ಪನ ಅಂಗಿಗೆ ಅಂಟಿದ ದೂಳು ಎಲ್ಲವೂ ನೆಲದಲ್ಲಿ ಅಂಬೆಗಾಲಿಡುವ ಕೂಸಿನ ಬಾಯಿಗೆ ಸೇರುತ್ತವೆ. ಎರಡನೆಯದು ಬಣ್ಣ. ಗೃಹೋಪಯೋಗಿ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಹೊರಟದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಬಳಿದ ಬಣ್ಣ ಹಳೆಯ ಚಾಳುಗಳ, ವಠಾರಗಳ, ಶಾಲೆಗಳ ಬಾಗಿಲು ಕಿಟಕಿಗಳ ಮೇಲೆ ಪದರುಪದರಾಗಿ ಕೂತಿದೆ. ಹಬ್ಬಕ್ಕೆ ಹೊಸ ಬಣ್ಣ ಬಳಿಯುವ ಮುನ್ನ ಅದನ್ನು ಒಣಗಿದ್ದಂತೆಯೇ ಉಜ್ಜಿ ತೆಗೆದಾಗ ಹಾರುವ ದೂಳು ಮನೆಯ ಮೂಲೆಮೂಲೆಗೂ ಇಳಿಯುತ್ತದೆ.

ಮೂರನೆಯದು ನಮ್ಮ ಅಡುಗೆಮನೆ ಮತ್ತು ದೇವರಮನೆ. ಅರಿಸಿನದ ಕೊಂಬು ಹೊಳೆಯಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಲೇಪಿಸುವ ಕಲಬೆರಕೆ ದಕ್ಷಿಣ ಏಷ್ಯಾದ ಹಲವೆಡೆ ಕಂಡುಬಂದಿದೆ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾಟ್ನಾದ ಕೆಲವು ಮಾದರಿಗಳು ಕಾನೂನಿನ ಮಿತಿಯನ್ನು ನೂರು ಪಟ್ಟಿಗೂ ಮೀರಿದ್ದವು. ಇಲ್ಲಿ ವಿವೇಚನೆ ಬೇಕು. ಅರಿಸಿನ ವಿಷವಲ್ಲ, ಅದಕ್ಕೆ ಬಳಿದ ಬಣ್ಣ ವಿಷ. ಅರಿಸಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮಕ್ಕೂ ಕೆಂಪುಸೀಸದಿಂದ ಮಾಡಿದ ಸಿಂಧೂರಕ್ಕೂ ನೋಟದಲ್ಲಿ ನಂಟಿದ್ದರೂ ಗುಣದಲ್ಲಿ ಇಲ್ಲ. ಹರಳೆಣ್ಣೆ ದೀಪದ ಮಸಿಯಿಂದ ಅಜ್ಜಿ ಮಾಡುತ್ತಿದ್ದ ಕಾಡಿಗೆ ಬೇರೆ, ಸೀಸದ ಅದಿರನ್ನು ಅರೆದು ಮಾಡುವ ಸುರ್ಮಾ ಬೇರೆ. ಹಿತ್ತಾಳೆ ಪಾತ್ರೆಗೆ ಶುದ್ಧ ತವರದ ಕಲಾಯಿ ಬೇರೆ, ಸೀಸ ಬೆರೆಸಿದ ಅಗ್ಗದ ಕಲಾಯಿ ಬೇರೆ. ನಮ್ಮ ಸಂಪ್ರದಾಯವನ್ನು ಕಾಪಾಡಬೇಕೆನ್ನುವವರಿಗೆ ಈ ಭೇದಗಳನ್ನು ತಿಳಿದಿರುವ ಹೊಣೆಯೂ ಇದೆ.

‘ನಮ್ಮ ಅಜ್ಜ ಅಜ್ಜಿಯರೂ ಇವನ್ನೇ ಬಳಸಿ ಬದುಕಿದರಲ್ಲ, ನಾವೂ ಓದಿ ಮುಂದೆ ಬಂದೆವಲ್ಲ’ ಎಂಬ ಆಕ್ಷೇಪ ಸಹಜವಾದದ್ದು. ಇದಕ್ಕೆ ಉತ್ತರ ಒಬ್ಬ ವ್ಯಕ್ತಿಯ ಜೀವನದಲ್ಲಿ ಸಿಗುವುದಿಲ್ಲ, ಸಮುದಾಯದ ಲೆಕ್ಕದಲ್ಲಿ ಸಿಗುತ್ತದೆ. ಬುದ್ಧಿಮಾಪನದ ಅಂಕಕ್ಕೆ ನೂರೆಂಟು ಮಿತಿಗಳಿವೆ. ಒಂದು ಮಗುವಿನ ಯೋಗ್ಯತೆಯನ್ನು ಅದರಿಂದ ಅಳೆಯುವುದನ್ನು ನಾವೂ ಒಪ್ಪೆವು. ಆದರೆ ಅದೇ ಅಳತೆಗೋಲಿನಿಂದ ಒಂದು ಸಾವಿರ ಮಕ್ಕಳನ್ನು ಅಳೆದಾಗ ಸರಾಸರಿ 100 ಬಂತೆಂದುಕೊಳ್ಳಿ. ಸಾಮಾನ್ಯ ಹಂಚಿಕೆಯಲ್ಲಿ 70ಕ್ಕಿಂತ ಕೆಳಗೆ ಸುಮಾರು 23 ಮಕ್ಕಳು, 130ಕ್ಕಿಂತ ಮೇಲೆ ಸುಮಾರು 23 ಮಕ್ಕಳು ಇರುತ್ತಾರೆ. ಸರಾಸರಿ ಬರೀ 5 ಅಂಕ ಇಳಿದರೆ ಕೆಳಗಿನವರು 48ಕ್ಕೆ ಏರುತ್ತಾರೆ, ಮೇಲಿನವರು 10ಕ್ಕೆ ಇಳಿಯುತ್ತಾರೆ. 95 ಅಂಕದ ಮಗುವನ್ನು ನೋಡಿ ಇದು 100 ಆಗಬೇಕಿತ್ತೆಂದು ಯಾವ ತಾಯಿಗೂ ತಿಳಿಯದು, ಯಾವ ಶಿಕ್ಷಕರಿಗೂ ತಿಳಿಯದು. ಆದರೆ ವಿಶೇಷ ನೆರವು ಬೇಕಾದ ಮಕ್ಕಳು ಆ ಊರಿನಲ್ಲಿ ಇಮ್ಮಡಿಯಾಗಿರುತ್ತಾರೆ, ಅಸಾಧಾರಣ ಪ್ರತಿಭೆಯವರು ಅರ್ಧಕ್ಕೂ ಕಡಿಮೆಯಾಗಿರುತ್ತಾರೆ. ನಮ್ಮಜ್ಜ ಬದುಕಿ ಬಾಳಿದರೆಂಬ ಮಾತು ನಿಜವೇ. ಆದರೆ ಅವರ ಜೊತೆ ಮಗ್ಗಿ ಕಲಿಯಲಾಗದೆ ಶಾಲೆ ಬಿಟ್ಟವರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಕಾಣುವ ಹಾನಿಗೂ ಕಾಣದ ಹಾನಿಗೂ ಸಮಾಜ ತೋರುವ ಪ್ರತಿಕ್ರಿಯೆಯಲ್ಲಿ ಎಷ್ಟು ಅಂತರವಿದೆ ಎಂಬುದಕ್ಕೆ ಕನ್ನಡಿಗರು ಬಲ್ಲ ಉದಾಹರಣೆಯೊಂದಿದೆ. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ ಪಡ್ರೆ, ಸ್ವರ್ಗ ಮೊದಲಾದ ಹಳ್ಳಿಗಳಲ್ಲಿ ಅಂಗವೈಕಲ್ಯದಿಂದ, ಬುದ್ಧಿಮಾಂದ್ಯದಿಂದ ಬಳಲುವ ಮಕ್ಕಳನ್ನು ಕಂಡು, ಇದು ದೈವದ ಶಾಪವಲ್ಲ, ವಿಷದ ಕೆಲಸವಿರಬೇಕೆಂದು ಡಾ. ವೈ.ಎಸ್. ಮೋಹನಕುಮಾರ್ ಶಂಕಿಸಿದರು; ಪತ್ರಕರ್ತ ಶ್ರೀ ಪಡ್ರೆ ಅದನ್ನು ಲೋಕಕ್ಕೆ ತಿಳಿಸಿದರು. ಗಡಿಯೀಚೆ ದಕ್ಷಿಣ ಕನ್ನಡದ ಕೊಕ್ಕಡದಂತಹ ಊರುಗಳಿಂದಲೂ ಅದೇ ಅಳಲು ಕೇಳಿಬಂತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಷೇಧಿಸಿತು. ಅಲ್ಲಿನ ಮಕ್ಕಳ ಚಿತ್ರ ನೋಡಿದವರು ಸುಮ್ಮನಿರಲು ಸಾಧ್ಯವಿರಲಿಲ್ಲ. ಸೀಸಕ್ಕೆ ಅಂತಹ ಚಿತ್ರವಿಲ್ಲ. ಅದರ ಬಲಿಪಶು ಸಮವಸ್ತ್ರ ತೊಟ್ಟು, ತಲೆ ಬಾಚಿ, ಕೊನೆಯ ಬೆಂಚಿನಲ್ಲಿ ಕೂತಿರುವ ಸಾಮಾನ್ಯ ಹುಡುಗ. ಅವನ ಪರವಾಗಿ ಮೆರವಣಿಗೆ ಹೊರಡುವುದಿಲ್ಲ. ಅವನಿಗೆ ಸಿಗುವುದು ಎರಡು ಟ್ಯೂಷನ್ನು ಮತ್ತು ಒಂದು ಬೈಗುಳ.

ಹಿಂದೆ ಬಿದ್ದ ಮಕ್ಕಳೆಲ್ಲರ ಕಷ್ಟಕ್ಕೂ ಸೀಸವೇ ಕಾರಣವೆಂದು ನಾವು ಹೇಳುತ್ತಿಲ್ಲ. ಹಸಿವಿದೆ, ಕೆಟ್ಟ ಬೋಧನೆಯಿದೆ, ಡಿಸ್ಲೆಕ್ಸಿಯಾದಂತಹ ಹುಟ್ಟಿನಿಂದ ಬಂದ ತೊಡಕುಗಳಿವೆ, ಮನೆಮಾತೊಂದು ಶಾಲೆಮಾತೊಂದಾದ ಹೊರನಾಡ ಮಕ್ಕಳ ಪಾಡೂ ಇದೆ. ಇವುಗಳ ಸಾಲಿನಲ್ಲಿ ಸೀಸವನ್ನೂ ಸೇರಿಸಿ, ಪರೀಕ್ಷಿಸಿ ನೋಡಿ ಎಂಬುದಷ್ಟೇ ನಮ್ಮ ಕೋರಿಕೆ. ಒಂದು ರಕ್ತಪರೀಕ್ಷೆಯಿಂದ ತಿಳಿಯಬಹುದಾದ ಸಂಗತಿಯನ್ನು ಹಣೆಬರಹಕ್ಕೆ ಬಿಡುವುದು ತರವಲ್ಲ.

ಈ ಕೋರಿಕೆಯನ್ನು ಮೊದಲು ನಮ್ಮ ಸಂಘಗಳ ಮುಂದೆಯೇ ಇಡುತ್ತೇವೆ. ಹೊಟೇಲುಗಳಲ್ಲಿ ದುಡಿಯಲು ಬಂದ ಹುಡುಗರಿಗಾಗಿ ಮುಂಬೈಯಲ್ಲಿ ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿದ ಹಿರಿಯರು ‘ಇವರಿಗೆ ವಿದ್ಯೆ ಹತ್ತುವುದಿಲ್ಲ’ ಎಂಬ ಮಾತನ್ನು ಒಪ್ಪಿಕೊಂಡಿದ್ದರೆ ಅವರಲ್ಲಿ ಎಷ್ಟೋ ಮಂದಿ ಕಪ್ಪು ಬಸಿ ತೊಳೆಯುತ್ತಲೇ ಉಳಿಯುತ್ತಿದ್ದರು. ಆ ಪರಂಪರೆಯ ವಾರಸುದಾರರಾದ ಸಂಘಗಳು ಇಂದು ರಾಜ್ಯೋತ್ಸವದ ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಣ್ಣಿನ ತಪಾಸಣೆಯ ಶಿಬಿರಗಳನ್ನು ನಡೆಸುತ್ತವೆ. ಅವೆಲ್ಲ ಬಹುಮಟ್ಟಿಗೆ ಹಿರಿಯರಿಗೆ. ವರ್ಷಕ್ಕೊಂದು ಬಾರಿ 6 ವರ್ಷದೊಳಗಿನ ಮಕ್ಕಳ ರಕ್ತದಲ್ಲಿ ಸೀಸವನ್ನೂ ಹಿಮೋಗ್ಲೋಬಿನ್ನನ್ನೂ ಅಳೆಯುವ ಶಿಬಿರ ಏಕಾಗಬಾರದು? ದೊಡ್ಡ ನಗರಗಳ ಪ್ರಯೋಗಾಲಯಗಳಲ್ಲಿ ಈ ಪರೀಕ್ಷೆ ಲಭ್ಯವಿದೆ. ಆರಂಭ ನಮ್ಮ ಮಕ್ಕಳಿಂದಾದರೂ, ಬ್ಯಾಟರಿ, ಗುಜರಿ, ಬಣ್ಣದ ಕೆಲಸದವರ ಮಕ್ಕಳನ್ನು, ಅವರ ಮನೆಮಾತು ಯಾವುದೇ ಇರಲಿ, ಆ ಸಾಲಿನ ಮುಂದೆ ನಿಲ್ಲಿಸಬೇಕು.

ಮನೆಯ ಮಟ್ಟದಲ್ಲಿ ಮಾಡಬಹುದಾದದ್ದೂ ಇದೆ. ಹಳೆಯ ಬಣ್ಣವನ್ನು ಒಣಗಿದ್ದಂತೆ ಉಜ್ಜದೆ ನೀರು ಹಾಕಿ ತೆಗೆಯುವುದು, ಆ ದಿನಗಳಲ್ಲಿ ಬಸುರಿಯರನ್ನೂ ಮಕ್ಕಳನ್ನೂ ಬೇರೆ ಕಡೆ ಇರಿಸುವುದು, ನೆಲವನ್ನು ಗುಡಿಸುವುದಕ್ಕಿಂತ ಒದ್ದೆಬಟ್ಟೆಯಲ್ಲಿ ಒರೆಸುವುದು, ಊಟಕ್ಕೆ ಮೊದಲು ಮಕ್ಕಳ ಕೈ ತೊಳೆಸುವುದು, ಕಣ್ಣು ಕುಕ್ಕುವ ಹಳದಿಯ ಬಿಡಿ ಅರಿಸಿನವನ್ನು ದೂರವಿಡುವುದು, ರಾಗಿ, ಸೊಪ್ಪು, ಹಾಲಿನಿಂದ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಸಾಕಷ್ಟು ಸಿಗುವಂತೆ ನೋಡಿಕೊಳ್ಳುವುದು, ಹಳೆಯ ಬ್ಯಾಟರಿಯನ್ನು ಹೆಚ್ಚು ಬೆಲೆ ಕೊಡುವ ಗುಜರಿಯವನಿಗೆ ಮಾರದೆ ಹೊಸದನ್ನು ಕೊಂಡ ಅಂಗಡಿಗೇ ಹಿಂದಿರುಗಿಸುವುದು. ಆದರೆ ಗೃಹಿಣಿಯ ಎಚ್ಚರಿಕೆ ಸರ್ಕಾರದ ಕೆಲಸಕ್ಕೆ ಬದಲಿಯಾಗದು. ಮಾರುಕಟ್ಟೆಯ ಪ್ರತಿ ಅರಿಸಿನವನ್ನು ಯಾವ ತಾಯಿಯೂ ಪ್ರಯೋಗಾಲಯಕ್ಕೆ ಒಯ್ಯಲಾರಳು.

ಆ ಕೆಲಸ ಸಾಧ್ಯವೆಂದು ನೆರೆಯ ಬಾಂಗ್ಲಾದೇಶ ತೋರಿಸಿದೆ. ಅಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಸಿನದ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸ ಸಿಕ್ಕಿತ್ತು. ಸಂಶೋಧಕರು ಸರ್ಕಾರವನ್ನು ಎಚ್ಚರಿಸಿದರು, ಆಹಾರ ಸುರಕ್ಷತಾ ಪ್ರಾಧಿಕಾರ ಮಾರುಕಟ್ಟೆಗಳಲ್ಲಿ ಎಚ್ಚರಿಕೆಯ ಪತ್ರ ಅಂಟಿಸಿತು, ಸಗಟು ವ್ಯಾಪಾರಿಗಳಿಗೆ ದಂಡ ಬಿತ್ತು, ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. 2021ರ ಹೊತ್ತಿಗೆ ಆ ಪ್ರಮಾಣ ಸೊನ್ನೆಗೆ ಇಳಿಯಿತು. ಅರಿಸಿನದ ಮಿಲ್ಲುಗಳಲ್ಲಿ ದುಡಿಯುವವರ ರಕ್ತದಲ್ಲೂ ಸೀಸ ತಗ್ಗಿತು. ಎರಡೇ ವರ್ಷದ ಕೆಲಸವದು. ನಮ್ಮ ಅಂಗನವಾಡಿಗಳಲ್ಲಿ ಮಕ್ಕಳ ತೂಕ, ಎತ್ತರ ಬರೆದಿಡುವ ಪುಸ್ತಕವಿದೆ. ಅದರಲ್ಲಿ ರಕ್ತದ ಸೀಸಕ್ಕೊಂದು ಕಾಲಂ ಸೇರಲಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಗಲ್ಲಿಯ ಕುಲುಮೆಯವರೆಗೆ ತಲುಪಲಿ, ಅಲ್ಲಿ ದುಡಿಯುವವರಿಗೆ ಬೇರೆ ಅನ್ನದ ದಾರಿಯನ್ನೂ ತೋರಿಸಲಿ. ಬಣ್ಣದ ಡಬ್ಬಿಯ ಮೇಲಿನ ‘ಸೀಸರಹಿತ’ ಎಂಬ ಮುದ್ರೆಯನ್ನು ಅಂಗಡಿಯಿಂದಲೇ ತರಿಸಿ ಪರೀಕ್ಷಿಸುವ ವ್ಯವಸ್ಥೆಯಾಗಲಿ, ಫಲಿತಾಂಶ ಕಂಪನಿಯ ಹೆಸರಿನೊಂದಿಗೆ ಪ್ರಕಟವಾಗಲಿ.

ಅಷ್ಟಾಗುವವರೆಗೆ ಓದುಗರಲ್ಲಿ, ಅದರಲ್ಲೂ ಶಿಕ್ಷಕರಾಗಿರುವ ಓದುಗರಲ್ಲಿ, ನಮ್ಮದೊಂದು ಬಿನ್ನಹ. ಮಗ್ಗಿ ಮರೆಯುವ, ಕಿಟಕಿಯಾಚೆ ನೋಡುವ, ಒಂದು ಸಾಲು ಬರೆದು ಪೆನ್ಸಿಲ್ ಕೆಳಗಿಡುವ ಮಗು ನಿಮ್ಮ ಮುಂದೆ ಬಂದಾಗ ಹಳೆಯ ಪದ ನಾಲಿಗೆಯ ತುದಿಗೆ ಬಂದೇ ಬರುತ್ತದೆ. ಅದನ್ನು ಅಲ್ಲೇ ತಡೆಹಿಡಿದು, ಅದರ ಮನೆಯ ಹತ್ತಿರ ಏನು ಸುಡುತ್ತಾರೆ, ಅಪ್ಪ ಏನು ಕೆಲಸ ಮಾಡುತ್ತಾರೆ, ರಕ್ತ ಪರೀಕ್ಷೆ ಆಗಿದೆಯೇ ಎಂದು ಕೇಳಿ.